ಮೋಟರ್ ಮೂವರ್: ಹೊಸ ಕ್ಯಾರವಾನಿಗೆ ಕೂಡುತ್ತದೆಯೇ?

ಪ್ರಶ್ನೆ: ಮೈಸೂರಿನವರಾದ ನಾವು ಇಂಗ್ಲೆಂಡಿನ ಮಿಲ್ಟನ್ ಕೀನ್ಸ್‌ನಲ್ಲಿ ನೆಲೆಸಿದ್ದೇವೆ. ಮನೆಯ ಮುಂದಿನ ಜಾಗ ಇಳಿಜಾರಾಗಿರುವುದರಿಂದ, ಕಾರಿನಿಂದ ಬಿಚ್ಚಿದ ಕ್ಯಾರವಾನನ್ನು (ಕಾರಿನ ಹಿಂದೆ ಎಳೆದೊಯ್ಯುವ ಗಾಲಿಮನೆ) ರಿಮೋಟಿನಿಂದ ಸರಿಸಲು ನಾಲ್ಕು ವರ್ಷಗಳ ಹಿಂದೆ ಅದರ ಚಕ್ರಗಳನ್ನು ತಿರುಗಿಸುವ ಮೋಟರ್ ಮೂವರ್ ಹಾಕಿಸಿದ್ದೆವು. ಈಗ ಕ್ಯಾರವಾನ್ ಬದಲಿಸುತ್ತಿದ್ದೇವೆ. ಮೂವರನ್ನು ಬಿಚ್ಚಿ ಹೊಸದಕ್ಕೆ ಹಾಕಿಸಬಹುದೇ, ಹಳೆಯದರ ಜೊತೆಗೇ ಬಿಡುವುದು ಲೇಸೇ? ಈ ಕೆಲಸವನ್ನು ನಾನೇ ಮಾಡಬಹುದೇ?

ಉತ್ತರ: ಸಾಮಾನ್ಯವಾಗಿ ಹಾಕಿಸಬಹುದು. ಆದರೆ ಹಳೆಯ ಕ್ಯಾರವಾನಿನ ಬೆಲೆ ಮಾತಾಡಿ ಮುಗಿಸುವ ಮೊದಲೇ ಹೊಸದರ ಅಡಿಯನ್ನು ನೋಡಿಕೊಳ್ಳಬೇಕು. ಮೂವರನ್ನು ಚಾಸಿಗೆ, ಅಂದರೆ ಕ್ಯಾರವಾನಿನ ಅಡಿಯ ಉಕ್ಕಿನ ಚೌಕಟ್ಟಿಗೆ, ಬೆಸುಗೆ ಹಾಕಿರುವುದಿಲ್ಲ, ಕ್ಲಾಂಪುಗಳಿಂದ ಬಿಗಿದಿರುತ್ತಾರೆ. ಆದ್ದರಿಂದ ಬಿಚ್ಚುವುದು ಕಷ್ಟವಲ್ಲ, ಕೂಡಿಸುವಾಗಲೇ ತೊಡಕು ಬರುವುದು. ಬ್ರಿಟನ್ನಿನ ಬಹುಪಾಲು ಕ್ಯಾರವಾನುಗಳು ಆಲ್-ಕೋ ಕಂಪನಿಯ ಚಾಸಿಯ ಮೇಲೆ ನಿಂತಿದ್ದರೂ ಎಲ್ಲವುಗಳ ಉಕ್ಕಿನ ದಪ್ಪವೂ ಎತ್ತರವೂ ಒಂದೇ ಅಲ್ಲ. ಇನ್ನೊಂದು ಕಂಪನಿಯಾದ ಬಿಪಿಡಬ್ಲ್ಯುವಿನ ಚಾಸಿಯ ಆಕಾರವೇ ಬೇರೆ. ತೆಳುವಾದ ಚಾಸಿಗೆ ಬಲವರ್ಧನೆಯ ಪಟ್ಟಿಗಳು, ಎತ್ತರ ಹೊಂದದ ಕಡೆ ಅಡಾಪ್ಟರುಗಳು ಬೇಕಾಗುತ್ತವೆ. ಇವುಗಳ ಬೆಲೆಯನ್ನೂ ಕೂಲಿಯನ್ನೂ ಸೇರಿಸಿದಾಗ ಬರುವ ಮೊತ್ತವನ್ನು ಹೊಸ ಮೂವರಿನ ಬೆಲೆಯೊಡನೆ ಹೋಲಿಸಿ ನೋಡಿ. ಕ್ಲಾಂಪು ಕೂಡಲಿಲ್ಲವೆಂದು ಚಾಸಿಗೆ ರಂಧ್ರ ಕೊರೆಯಲು ಯಾರಾದರೂ ಮುಂದಾದರೆ ದಯವಿಟ್ಟು ಒಪ್ಪಬೇಡಿ. ಇಡೀ ಕ್ಯಾರವಾನಿನ ಭಾರ ಹೊರುವ ಉಕ್ಕು ಅದು.

ತೂಕದ ವಿಷಯವನ್ನು ಬಹಳ ಮಂದಿ ಮರೆಯುತ್ತಾರೆ. ಒಂದೇ ಆಕ್ಸಲಿನ ಕ್ಯಾರವಾನಿಗೆ ಹಾಕುವ ಮೂವರ್ ಸುಮಾರು 30ರಿಂದ 40 ಕಿಲೋ ತೂಗುತ್ತದೆ, ಮತ್ತು ಅಷ್ಟೂ ನಿಮ್ಮ ಸಾಮಾನಿನ ಪಾಲಿನಿಂದಲೇ ಕಳೆಯುತ್ತದೆ. ಎಂಟಿಪಿಎಲ್‌ಎಂ ಎಂದು ನಮೂದಿಸಿರುವ ಗರಿಷ್ಠ ತೂಕಕ್ಕೂ ಖಾಲಿ ಕ್ಯಾರವಾನಿನ ತೂಕಕ್ಕೂ 150 ಕಿಲೋ ಅಂತರವಿದ್ದರೆ, 35 ಕಿಲೋ ತೂಕದ ಮೂವರ್ ಬಂದ ಮೇಲೆ ಉಳಿಯುವುದು 115 ಕಿಲೋ. ಬ್ಯಾಟರಿ, ಅಡುಗೆ ಸಾಮಾನು, ಮಕ್ಕಳ ಸೈಕಲ್ಲು ಎಲ್ಲವೂ ಅಷ್ಟರಲ್ಲೇ ಆಗಬೇಕು. ಹೊಸದು ಎರಡು ಆಕ್ಸಲಿನದಾದರೆ ನಿಮ್ಮ ಮೂವರ್ ಆ ಭಾರಕ್ಕೆ ತಕ್ಕದ್ದೇ ಎಂದು ಕೈಪಿಡಿಯಲ್ಲಿ ನೋಡಿ. ತಕ್ಕದ್ದಲ್ಲದಿದ್ದರೆ ಅದನ್ನು ಹಳೆಯದರಲ್ಲೇ ಬಿಟ್ಟುಬಿಡಿ. ವಿನಿಮಯಕ್ಕೆ ಕೊಡುವಾಗ ಮೂವರಿಗೆಂದು ಪ್ರತ್ಯೇಕವಾಗಿ ಎಷ್ಟು ಕೊಡುತ್ತಾರೆಂದು ವ್ಯಾಪಾರಿಯನ್ನು ಮೊದಲೇ ಕೇಳಿಡಿ. ಆ ಮೊತ್ತ ತೀರ ಕಡಿಮೆಯಾಗಿದ್ದು ಹೊಸ ಚಾಸಿಯೂ ಹೊಂದುವುದಾದರೆ, ನಾಲ್ಕು ವರ್ಷದ ಮೂವರನ್ನು ಬಿಚ್ಚಿಸಿಕೊಳ್ಳುವುದೇ ಸರಿಯೆಂದು ನನ್ನ ಅಭಿಪ್ರಾಯ.

ನೀವೇ ಮಾಡುವುದಾದರೆ ಸಮತಟ್ಟಾದ ಗಟ್ಟಿ ನೆಲ ಬೇಕು. ನಿಮ್ಮ ಇಳಿಜಾರಿನಲ್ಲಿ ಖಂಡಿತ ಬೇಡ. ಮೂಲೆಗಳ ಕಾಲುಗಳು ಕ್ಯಾರವಾನನ್ನು ಅಲುಗದಂತೆ ನಿಲ್ಲಿಸಲು ಇರುವಂಥವೇ ಹೊರತು ಎತ್ತಿ ಹಿಡಿಯಲು ಅಲ್ಲ. ಆದ್ದರಿಂದ ಭಾರ ಹೊರುವ ಆಕ್ಸಲ್ ಸ್ಟ್ಯಾಂಡುಗಳಿಲ್ಲದೆ ಅಡಿಗೆ ಹೋಗಬೇಡಿ. ಮೊದಲು ಬ್ಯಾಟರಿಯ ಸಂಪರ್ಕ ತೆಗೆದು, ಪ್ರತಿಯೊಂದು ತಂತಿಗೂ ಗುರುತಿನ ಚೀಟಿ ಅಂಟಿಸಿ, ಫೋಟೊ ತೆಗೆದಿಟ್ಟುಕೊಳ್ಳಿ. ತಂತಿಗಳಿಗಾಗಿ ಹಳೆಯ ಕ್ಯಾರವಾನಿನ ನೆಲದಲ್ಲಿ ಕೊರೆದ ರಂಧ್ರಗಳನ್ನು ನೀರಿಳಿಯದಂತೆ ಸೀಲಂಟ್ ತುಂಬಿ ಮುಚ್ಚುವುದು ಅದನ್ನು ಕೊಳ್ಳುವವರಿಗೆ ನಾವು ಸಲ್ಲಿಸಬೇಕಾದ ನ್ಯಾಯ. ಹೊಸದರಲ್ಲಿ ತಂತಿ ಸಾಲದೆ ಬಂದರೆ ತೆಳ್ಳನೆಯ ತಂತಿಯನ್ನು ಜೋಡಿಸದೆ, ಅದೇ ದಪ್ಪದ ಉದ್ದ ತಂತಿಯನ್ನು ಎರಡೂ ಮೋಟರುಗಳಿಗೆ ಒಂದೇ ಅಳತೆಯಲ್ಲಿ ಹಾಕಿ. ಟೈರನ್ನು ಒತ್ತಿ ತಿರುಗಿಸುವ ಮೂವರಿನ ರೋಲರು ಹಿಂದೆ ಸರಿದಾಗ ಅದಕ್ಕೂ ಟೈರಿಗೂ ನಡುವೆ ಕೈಪಿಡಿ ಹೇಳಿದಷ್ಟು ಅಂತರ, ಹಲವು ಮಾದರಿಗಳಲ್ಲಿ 20 ಮಿಲಿಮೀಟರ್, ಎರಡೂ ಕಡೆ ಸಮನಾಗಿರಬೇಕು. ಟೈರಿನಲ್ಲಿ ಸರಿಯಾದ ಗಾಳಿ ತುಂಬಿ, ಕ್ಯಾರವಾನನ್ನು ನೆಲಕ್ಕಿಳಿಸಿದ ಮೇಲೆಯೇ ಇದನ್ನು ಅಳೆಯಬೇಕು. ಬೋಲ್ಟುಗಳನ್ನು ಬಿಗಿತ ಅಳೆಯುವ ಟಾರ್ಕ್ ರೆಂಚಿನಿಂದಲೇ ಬಿಗಿಯಿರಿ. ಮೂವರಿಗೆ ಇನ್ನೂ ವಾರಂಟಿ ಉಳಿದಿದ್ದರೆ ಮಾತ್ರ ತಯಾರಕರು ಒಪ್ಪಿದ ಮೆಕ್ಯಾನಿಕ್‌ಗೇ ಒಪ್ಪಿಸಿ.

ಪ್ರಶ್ನೆ: ಹೊಸ ಕ್ಯಾರವಾನಿನಲ್ಲಿ ಲಿಥಿಯಂ ಬ್ಯಾಟರಿ ಇದೆ. ಹಳೆಯ ಮೂವರ್ ಅದರಿಂದ ನಡೆಯುವುದೇ?

ಉತ್ತರ: 12 ವೋಲ್ಟಿನದಾದರೆ ನಡೆಯಬಹುದು. ಆದರೆ ಇಳಿಜಾರು ಹತ್ತುವಾಗ ಮೂವರ್ ನೂರು ಆಂಪಿಯರ್ ಆಸುಪಾಸಿನ ವಿದ್ಯುತ್ತನ್ನು ಎಳೆಯಬಲ್ಲದು. ಬ್ಯಾಟರಿಯೊಳಗಿನ ರಕ್ಷಣಾ ಸರ್ಕ್ಯೂಟಿನ ಮಿತಿ ಅದಕ್ಕಿಂತ ಕಡಿಮೆಯಿದ್ದರೆ ಕ್ಯಾರವಾನು ನಡು ಇಳಿಜಾರಿನಲ್ಲಿ ನಿಂತುಬಿಡುತ್ತದೆ. ಬ್ಯಾಟರಿ ನಿರಂತರವಾಗಿ ಕೊಡಬಲ್ಲ ಆಂಪಿಯರನ್ನೂ ಮೂವರಿನ ಗರಿಷ್ಠ ಬೇಡಿಕೆಯನ್ನೂ ಅವುಗಳ ಕೈಪಿಡಿಗಳಲ್ಲಿ ಹೋಲಿಸಿ ನೋಡಿದ ಮೇಲೆಯೇ ತಂತಿ ಜೋಡಿಸಿ.