ಹಿತ್ತಲಿನ ಕೋಳಿಗೂ ವಸತಿ ವಲಯದ ನಿಯಮಕ್ಕೂ ಏನು ಸಂಬಂಧ?

ಪ್ರಶ್ನೆ: ವಸತಿ ಬಡಾವಣೆಯಲ್ಲಿರುವ ನಮ್ಮ ಸ್ವಂತ ಮನೆಯ ಹಿತ್ತಲಿನಲ್ಲಿ ನಾಲ್ಕೈದು ಕೋಳಿಗಳನ್ನು ಸಾಕಬೇಕೆಂದಿದ್ದೇವೆ. ವಸತಿ ವಲಯದಲ್ಲಿ ಕೋಳಿ ಸಾಕುವಂತಿಲ್ಲ, ಸಾಕಿದರೆ ದೂರು ಕೊಡುತ್ತೇವೆ ಎಂದು ಪಕ್ಕದ ಮನೆಯವರು ಹೇಳುತ್ತಿದ್ದಾರೆ. ನಮ್ಮದೇ ಜಾಗದಲ್ಲಿ ಸಾಕುವುದಕ್ಕೂ ಅನುಮತಿ ಬೇಕೇ? ಹುಂಜವನ್ನೂ ಇಟ್ಟುಕೊಳ್ಳಬಹುದೇ?

ಉತ್ತರ: ಜಾಗ ನಿಮ್ಮದೆಂಬುದು ನಿಜವಾದರೂ ಅದರ ಬಳಕೆಗೆ ಮಿತಿ ಹಾಕುವ ಅಧಿಕಾರ ಸ್ಥಳೀಯ ಸಂಸ್ಥೆಗೆ ಇರುತ್ತದೆ. ವಲಯ ನಿಯಮಗಳನ್ನು ಎತ್ತಿಹಿಡಿದ ಅಮೆರಿಕದ ಸುಪ್ರೀಂ ಕೋರ್ಟಿನ 1926ರ ಯೂಕ್ಲಿಡ್ ತೀರ್ಪಿನಲ್ಲಿ ನ್ಯಾಯಮೂರ್ತಿ ಸದರ್‌ಲ್ಯಾಂಡ್ ಇದನ್ನು ಹಂದಿಯ ಉದಾಹರಣೆಯಿಂದ ವಿವರಿಸಿದ್ದರು: ಕೊಟ್ಟಿಗೆಯ ಅಂಗಳದಲ್ಲಿರಬೇಕಾದ ಹಂದಿ ನಡುಮನೆಗೆ ಬಂದರೆ ಉಪದ್ರವವಾಗುತ್ತದೆ, ದೋಷವಿರುವುದು ಹಂದಿಯಲ್ಲಲ್ಲ, ಅದು ಇರುವ ಸ್ಥಳದಲ್ಲಿ. ಹಾಗೆಂದು ನಿಮ್ಮ ನೆರೆಯವರ ಮಾತನ್ನೂ ಪೂರ್ತಿಯಾಗಿ ಒಪ್ಪಬೇಕಾಗಿಲ್ಲ. ವಸತಿ ವಲಯದಲ್ಲಿ ಪಶುಸಂಗೋಪನೆಯನ್ನು ನಿಷೇಧಿಸುವ ಎಷ್ಟೋ ನಿಯಮಾವಳಿಗಳು ಮನೆಬಳಕೆಗಾಗಿ ಸಾಕುವ ಕೆಲವೇ ಹೇಂಟೆಗಳಿಗೆ ಬೇರೊಂದು ಕಲಮಿನಲ್ಲಿ ಅವಕಾಶ ಕೊಟ್ಟಿರುತ್ತವೆ. ಆದ್ದರಿಂದ ನಿಷೇಧದ ಪಟ್ಟಿಯನ್ನಷ್ಟೇ ಓದಿ ನಿಲ್ಲಿಸದೆ, ‘ಜಾನುವಾರು’ ಮತ್ತು ‘ಸಾಕುಪ್ರಾಣಿ’ ಎಂಬ ಪದಗಳಿಗೆ ಅಲ್ಲಿ ಯಾವ ಅರ್ಥ ಕೊಟ್ಟಿದ್ದಾರೆ, ಕೋಳಿ ಯಾವುದರೊಳಗೆ ಸೇರಿದೆ ಎಂಬುದನ್ನು ಮೊದಲು ನೋಡಿರಿ.

ಸಂಖ್ಯೆಯ ಮಿತಿ ಸಾಮಾನ್ಯವಾಗಿ ನಿವೇಶನದ ವಿಸ್ತೀರ್ಣವನ್ನು ಅವಲಂಬಿಸಿರುತ್ತದೆ, ಅದನ್ನು ಅರ್ಥಮಾಡಿಕೊಳ್ಳುವುದು ಕಷ್ಟವಲ್ಲ. ಚಿಕ್ಕ ನಿವೇಶನದವರಿಗೆ ನಿಜವಾಗಿ ತೊಡಕಾಗುವುದು ಅಂತರದ ನಿಯಮ. ಗೂಡು ಎಷ್ಟು ದೂರದಲ್ಲಿರಬೇಕು ಎಂಬಷ್ಟೇ ಮುಖ್ಯವಾದದ್ದು, ಆ ದೂರವನ್ನು ಎಲ್ಲಿಂದ ಅಳೆಯಬೇಕು ಎಂಬುದು. ನಿಮ್ಮ ನಿವೇಶನದ ಅಗಲ 40 ಅಡಿ ಎಂದುಕೊಳ್ಳಿ. ಎರಡೂ ಬದಿಯ ಎಲ್ಲೆಯಿಂದ 10 ಅಡಿ ಬಿಡಬೇಕೆಂದರೆ ನಡುವೆ 20 ಅಡಿ ಉಳಿಯುತ್ತದೆ. 20 ಅಡಿ ಬಿಡಬೇಕೆಂದರೆ ಗೂಡಿಗೆ ಜಾಗವೇ ಇರುವುದಿಲ್ಲ. ಅದೇ 20 ಅಡಿಯನ್ನು ಎಲ್ಲೆಯ ಬದಲು ನೆರೆಮನೆಯ ಗೋಡೆಯಿಂದ ಅಳೆಯಬೇಕೆಂದು ನಿಯಮವಿದ್ದು, ಎರಡೂ ಬದಿಯ ಮನೆಗಳು ತಮ್ಮ ಎಲ್ಲೆಯಿಂದ 8 ಅಡಿ ಒಳಗಿದ್ದರೆ, ನೀವು ಬಿಡಬೇಕಾದದ್ದು ಒಂದೊಂದು ಬದಿಗೆ 12 ಅಡಿ ಮಾತ್ರ, ಮತ್ತು ನಡುವೆ 16 ಅಡಿ ಸಿಗುತ್ತದೆ. ಕೋಳಿಗಳು ಓಡಾಡುವ ಬಲೆಯ ಆವರಣವೂ ಗೂಡಿನ ಲೆಕ್ಕಕ್ಕೇ ಸೇರುತ್ತದೆಯೇ ಎಂದೂ ವಿಚಾರಿಸಿಕೊಳ್ಳಿ. ಈ ಅಳತೆಗಳನ್ನೆಲ್ಲ ಒಂದು ನಕ್ಷೆಯಲ್ಲಿ ಗುರುತು ಹಾಕಿಕೊಂಡ ಮೇಲೆಯೇ ಮರ ಮತ್ತು ತಂತಿಬಲೆಗೆ ಹಣ ಹಾಕಿರಿ.

ಹುಂಜದ ಆಸೆಯನ್ನು ಬಿಡುವುದೇ ಒಳ್ಳೆಯದು. ಹೇಂಟೆ ಮೊಟ್ಟೆಯಿಡಲು ಹುಂಜ ಬೇಕಾಗಿಲ್ಲ. ಮೊಟ್ಟೆಯಿಂದ ಮರಿಯಾಗಬೇಕಿದ್ದರೆ ಮಾತ್ರ ಅದು ಬೇಕು. ಹೇಂಟೆಗಳಿಗೆ ಅವಕಾಶವಿರುವ ನ್ಯೂಯಾರ್ಕ್ ನಗರದಲ್ಲಿಯೂ ಹುಂಜಕ್ಕೆ ನಿಷೇಧವಿದೆ. ಫ್ರಾನ್ಸಿನಲ್ಲಿ ಮೋರಿಸ್ ಎಂಬ ಹುಂಜದ ಕೂಗಿನ ವಿರುದ್ಧ ನೆರೆಯವರು ಹೂಡಿದ ದಾವೆಯಲ್ಲಿ 2019ರಲ್ಲಿ ನ್ಯಾಯಾಲಯ ಹುಂಜದ ಒಡತಿಯ ಪರವಾಗಿ ತೀರ್ಪು ಕೊಟ್ಟಿತು, ನಿಜ. ಆದರೆ ಗ್ರಾಮೀಣ ಪರಿಸರದಲ್ಲಿ ಸಿಕ್ಕ ಆ ಗೆಲುವನ್ನು ಒತ್ತೊತ್ತಾಗಿ ಮನೆಗಳಿರುವ ಬಡಾವಣೆಯಲ್ಲಿ ನಿರೀಕ್ಷಿಸುವುದು ಸರಿಯಲ್ಲ.

ಸ್ಥಳೀಯ ಸಂಸ್ಥೆ ಒಪ್ಪಿದರೂ ನಿವಾಸಿಗಳ ಸಂಘದ ಉಪವಿಧಿಗಳಲ್ಲಿಯೋ ಕ್ರಯಪತ್ರದ ಷರತ್ತುಗಳಲ್ಲಿಯೋ ನಿಷೇಧವಿರಬಹುದು. ಒಂದರ ಅನುಮತಿ ಇನ್ನೊಂದನ್ನು ರದ್ದುಮಾಡುವುದಿಲ್ಲ. ಪಕ್ಷಿರೋಗ ನಿಯಂತ್ರಣದ ಕಾನೂನು ಇವೆರಡಕ್ಕಿಂತಲೂ ಬೇರೆ. ಇಂಗ್ಲೆಂಡಿನಲ್ಲಿ 2024ರ ಅಕ್ಟೋಬರ್ 1ರಿಂದ ಒಂದೇ ಒಂದು ಕೋಳಿ ಸಾಕಿದವರೂ ನೋಂದಣಿ ಮಾಡಿಸಬೇಕಾಗಿದೆ.

ನೆರೆಯವರ ವಿಷಯದಲ್ಲಿ ಒಂದು ಮಾತು. ಎಲ್ಲ ಅನುಮತಿಗಳಿದ್ದರೂ ದುರ್ವಾಸನೆ, ನೊಣ ಅಥವಾ ಇಲಿಗಳ ಕಾಟವಾದರೆ ಉಪದ್ರವದ ದೂರು ಊರ್ಜಿತವಾಗುತ್ತದೆ, ಮತ್ತು ಅದು ಊರ್ಜಿತವಾಗಬೇಕಾದದ್ದೇ. ಹಿಕ್ಕೆ ಬಿದ್ದ ಹಾಸು ಒದ್ದೆಯಾದಾಗ ಅಮೋನಿಯಾ ಹೆಚ್ಚುವುದರಿಂದ, ಹಾಸನ್ನು ಒಣದಾಗಿಡುವುದು ಮತ್ತು ಮೇವನ್ನು ರಾತ್ರಿ ಹೊರಗೆ ಬಿಡದೆ ಮುಚ್ಚಳದ ಡಬ್ಬಿಯಲ್ಲಿಡುವುದು ಕೋಳಿಗಳ ಆರೋಗ್ಯಕ್ಕೂ ನೆರೆಯವರ ನೆಮ್ಮದಿಗೂ ಅಗತ್ಯ. ನಿಮ್ಮ ನಕ್ಷೆಯನ್ನು ಅವರಿಗೂ ತೋರಿಸಿರಿ. ಸ್ಥಳೀಯ ಕಚೇರಿಯಿಂದ ಮಾತ್ರ ಬಾಯಿಮಾತಿನ ಒಪ್ಪಿಗೆಯನ್ನು ನಂಬಿ ಬರಬೇಡಿ. ಕಲಮಿನ ಸಂಖ್ಯೆಯನ್ನು ನಮೂದಿಸಿದ ಲಿಖಿತ ಉತ್ತರವನ್ನೇ ಕೇಳಿರಿ.

ಪ್ರಶ್ನೆ: ನಾವು ಬಹಳ ವರ್ಷಗಳಿಂದ ಕೋಳಿ ಸಾಕುತ್ತಿದ್ದೇವೆ. ಈಗ ಹೊಸ ನಿಯಮ ಬಂದಿದೆ. ಗೂಡನ್ನು ತೆಗೆಯಲೇಬೇಕೇ?

ಉತ್ತರ: ನಿಯಮಕ್ಕಿಂತ ಮೊದಲೇ ಕಾನೂನುಬದ್ಧವಾಗಿ ನಡೆದುಬಂದ ಬಳಕೆಯನ್ನು ಮುಂದುವರಿಸಲು ಅನೇಕ ವಲಯ ನಿಯಮಾವಳಿಗಳು ಅವಕಾಶ ಕೊಡುತ್ತವೆ. ಆದರೆ ಗೂಡನ್ನು ಹಿಗ್ಗಿಸಿದರೆ ಅಥವಾ ಸಾಕಣೆಯನ್ನು ನಿಗದಿತ ಅವಧಿಗಿಂತ ಹೆಚ್ಚು ಕಾಲ ನಿಲ್ಲಿಸಿದರೆ ಆ ರಕ್ಷಣೆ ತಪ್ಪಿಹೋಗಬಹುದು. ಹಳೆಯ ಫೋಟೋ, ರಸೀದಿಗಳಂತಹ ಪುರಾವೆಗಳನ್ನು ಈಗಲೇ ಒಟ್ಟುಮಾಡಿಡಿ. ನೋಟಿಸ್ ಬಂದರೆ ಮೊದಲು ಅದರಲ್ಲಿರುವ ಮೇಲ್ಮನವಿಯ ಗಡುವನ್ನು ನೋಡಿರಿ.