ಮೂರು ಕಡೆ ಬಾಗಿಲು ಮುಚ್ಚಿತು, ಹೊರದೇಶದ ಸ್ವಯಂಸೇವೆಯ ಆಸೆ ಬಿಡಲಾ?

ಪ್ರಶ್ನೆ: ನನಗೆ 28 ವರ್ಷ. ಬಿಎಸ್ಸಿ ನರ್ಸಿಂಗ್ ಮುಗಿಸಿ ಹಾಸನದ ಖಾಸಗಿ ಆಸ್ಪತ್ರೆಯೊಂದರ ಹೆರಿಗೆ ವಾರ್ಡಿನಲ್ಲಿ ಐದು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ಹೊರದೇಶದಲ್ಲಿ ಒಂದು ವರ್ಷವಾದರೂ ಸ್ವಯಂಸೇವಕಿಯಾಗಿ ದುಡಿಯಬೇಕು ಅಂತ ಆಸೆ. 26ನೇ ವಯಸ್ಸಿನಲ್ಲಿ ವಿಶ್ವಸಂಸ್ಥೆಯ ಯುಎನ್ ವಾಲಂಟಿಯರ್ಸ್‌ನ (ಯುಎನ್‌ವಿ) ಸ್ಪೆಷಲಿಸ್ಟ್ ಹುದ್ದೆಯೊಂದಕ್ಕೆ ಅರ್ಜಿ ಹಾಕಿದೆ, ಉತ್ತರವೇ ಬರಲಿಲ್ಲ. 2025ರಲ್ಲಿ ಮತ್ತೆ ಹಾಕಿದಾಗ ಇಂಟರ್‌ವ್ಯೂ ಚೆನ್ನಾಗಿಯೇ ಆಯ್ತು, ಆದರೆ ಹುದ್ದೆಯೇ ರದ್ದಾಗಿದೆ ಅಂತ ಮೇಲ್ ಬಂತು. ಆಮೇಲೆ ಜರ್ಮನಿಯ ವೃದ್ಧಾಶ್ರಮವೊಂದು ಒಂದು ವರ್ಷದ ಸ್ವಯಂಸೇವೆಗೆ ಒಪ್ಪಿತು, ವೀಸಾ ಸಿಗಲಿಲ್ಲ. ಈಗ ಏಜೆಂಟ್ ಒಬ್ಬರು ಒಂದೂಕಾಲು ಲಕ್ಷ ಕೊಟ್ಟರೆ ಕಾಂಬೋಡಿಯಾದ ಅನಾಥಾಶ್ರಮದಲ್ಲಿ ಮಕ್ಕಳಿಗೆ ಪಾಠ ಹೇಳುವ ಕೆಲಸ ಮೂರು ತಿಂಗಳು ಗ್ಯಾರಂಟಿ ಅಂತಿದ್ದಾರೆ. ಅಪ್ಪ ‘ಸಾಕು ಬಿಡಮ್ಮ’ ಅಂತಾರೆ. ಅರ್ಜಿ, ದಾಖಲೆಗಳು, ವೀಸಾ ನಿರಾಕರಣೆ ಪತ್ರ ಇವುಗಳ ಪ್ರತಿ ಜೊತೆಗಿಟ್ಟಿದ್ದೇನೆ. ಏನು ಮಾಡಲಿ?

— ಓದುಗರು, ಹಾಸನ

ಉತ್ತರ: ಮೊದಲು ಏಜೆಂಟ್ ವಿಷಯ ಮುಗಿಸೋಣ. ದುಡ್ಡು ಕೊಡಬೇಡಿ. ದುಡ್ಡು ಹೋಗುತ್ತೆ ಅನ್ನುವುದಷ್ಟೇ ಕಾರಣವಲ್ಲ. ಕಾಂಬೋಡಿಯಾದ ಅನಾಥಾಶ್ರಮಗಳಲ್ಲಿರುವ ಬಹುಪಾಲು ಮಕ್ಕಳಿಗೆ ಅಪ್ಪನೋ ಅಮ್ಮನೋ ಬದುಕಿದ್ದಾರೆ. ಹೊರಗಿನಿಂದ ಬರುವ ಸ್ವಯಂಸೇವಕರ ಮತ್ತು ದಾನಿಗಳ ಹಣಕ್ಕಾಗಿಯೇ ಮಕ್ಕಳನ್ನು ಮನೆಯಿಂದ ತಂದಿಡುವುದೂ ಉಂಟು. ಆಸ್ಟ್ರೇಲಿಯಾ 2018ರಲ್ಲಿ ಆಧುನಿಕ ಗುಲಾಮಗಿರಿಯ ವಿರುದ್ಧ ಕಾನೂನು ಮಾಡಿದಾಗ ಇದನ್ನೂ ಅದರ ಲೆಕ್ಕಕ್ಕೆ ಸೇರಿಸಿತು. ಹೋಗಲಿ, ಹೆರಿಗೆ ಮಾಡಿಸಬಲ್ಲ ನರ್ಸನ್ನು ಮೂರು ತಿಂಗಳು ಮಕ್ಕಳಿಗೆ ಎಬಿಸಿಡಿ ಹೇಳಿಕೊಡಲು ಕಳಿಸುತ್ತಾರೆ ಅಂದರೆ, ಆ ಕೆಲಸಕ್ಕೆ ನೀವೇ ಬೇಕು ಅಂತ ಅಲ್ಲಿ ಯಾರೂ ಕಾದಿಲ್ಲ, ಅಲ್ವಾ?

ಇನ್ನು ನಿಮ್ಮ ಮೂರು ಸೋಲು. ನೀವು ಮೂರನ್ನೂ ಒಟ್ಟಿಗೆ ಗಂಟು ಕಟ್ಟಿ ‘ನಾನು ಲಾಯಕ್ಕಿಲ್ಲ’ ಅಂದುಕೊಂಡಿದ್ದೀರಿ. ನನಗೆ ಹಾಗೆ ಕಾಣುತ್ತಿಲ್ಲ. ಒಂದೊಂದರ ಕಾರಣವೂ ಬೇರೆ.

ಹುದ್ದೆ ರದ್ದಾದದ್ದಕ್ಕೂ ನಿಮಗೂ ಸಂಬಂಧವೇ ಇಲ್ಲ. 2025ರಲ್ಲಿ ಅಮೆರಿಕ ತನ್ನ ನೆರವು ಸಂಸ್ಥೆ ಯುಎಸ್‌ಏಡ್ ಅನ್ನು ಮುಚ್ಚಿತು. ವಿಶ್ವಸಂಸ್ಥೆಯ ಎಷ್ಟೋ ಅಂಗಸಂಸ್ಥೆಗಳು ಸಿಬ್ಬಂದಿ ಕಡಿಮೆ ಮಾಡಿದವು. ಸ್ವಯಂಸೇವಕರ ಖರ್ಚನ್ನು ಸಾಮಾನ್ಯವಾಗಿ ಕರೆಸಿಕೊಳ್ಳುವ ಸಂಸ್ಥೆಯೇ ಭರಿಸಬೇಕು. ಅಲ್ಲಿ ಹಣ ನಿಂತರೆ ಹುದ್ದೆಯೂ ಹೋಗುತ್ತೆ. ಇಂಟರ್‌ವ್ಯೂ ಮಾಡಿದವರಿಗೆ ನಾಲ್ಕೇ ಸಾಲಿನ ಮೇಲ್ ಬರೆಯಿರಿ: ಆಸಕ್ತಿ ಹಾಗೇ ಇದೆ, ಇಂಥದ್ದೇ ಹುದ್ದೆ ಬಂದರೆ ತಿಳಿಸಿ ಅಂತ. ಕೇಳಿದರೆ ಕಳೆದುಕೊಳ್ಳುವುದೇನೂ ಇಲ್ಲ.

ಮೊದಲನೆಯ ಅರ್ಜಿಗೆ ವಯಸ್ಸೇ ಅಡ್ಡ ಬಂದಿರಬೇಕು. ಯುಎನ್‌ವಿಯಲ್ಲಿ 18ರಿಂದ 26ರವರೆಗಿನವರು ಯೂತ್ ವರ್ಗ. ಸ್ಪೆಷಲಿಸ್ಟ್ ಆಗಲು 27 ತುಂಬಿರಬೇಕು. ಈಗ ಆ ತೊಡಕಿಲ್ಲ. ಆದರೆ ಎರಡೂ ಸಲ ಕಳಿಸಿದ ಅರ್ಜಿ ಒಂದೇ. ಅದನ್ನು ಓದಿದೆ. ‘ಬಡವರ ಸೇವೆ ಮಾಡುವುದು ನನ್ನ ಬಾಲ್ಯದ ಕನಸು’ ಅಂತ ಶುರುವಾಗಿ ಅರ್ಧ ಪುಟ ಅದೇ ಧಾಟಿ. ನಿಜವಾದ ಸರಕು ಕೊನೆಯಲ್ಲಿ, ಅದೂ ಒಂದೇ ಸಾಲಿನಲ್ಲಿ ಇದೆ: ರಾತ್ರಿ ಪಾಳಿಯಲ್ಲಿ ಡಾಕ್ಟರ್ ಬರುವವರೆಗೆ ಹೆರಿಗೆ ನಂತರದ ರಕ್ತಸ್ರಾವ ನಿಭಾಯಿಸಿದ್ದು, ಹೊಸ ನರ್ಸ್‌ಗಳಿಗೆ ಪಾರ್ಟೋಗ್ರಾಫ್ (ಹೆರಿಗೆ ಹೇಗೆ ಸಾಗುತ್ತಿದೆ ಅಂತ ದಾಖಲಿಸುವ ಚಾರ್ಟ್) ತುಂಬುವುದನ್ನು ಕಲಿಸಿದ್ದು. ಅದನ್ನು ಮೇಲಕ್ಕೆ ತನ್ನಿ. ವರ್ಷಕ್ಕೆ ಸುಮಾರು ಎಷ್ಟು ಹೆರಿಗೆ ನೋಡುತ್ತೀರಿ, ಎಷ್ಟು ಜನರಿಗೆ ತರಬೇತಿ ಕೊಟ್ಟಿರಿ, ಔಷಧಿ ಮುಗಿದಾಗ ಏನು ಮಾಡಿದಿರಿ, ಇದನ್ನೆಲ್ಲ ಬಿಡಿಸಿ ಬರೆಯಿರಿ. ಹುದ್ದೆಯ ಪ್ರಕಟಣೆ ಪಕ್ಕದಲ್ಲಿಟ್ಟುಕೊಂಡು, ಅವರು ಕೇಳಿದ ಒಂದೊಂದಕ್ಕೂ ನಿಮ್ಮ ಒಂದು ಕೆಲಸ ತೋರಿಸಿ. ಬಾಲ್ಯದ ಕನಸು ಎಲ್ಲರಿಗೂ ಇರುತ್ತೆ.

ಇನ್ನೊಂದು ನಮ್ಮ ಕಡೆಯವರದೇ ತಲೆನೋವು. ನಿಮ್ಮ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಹೆಸರಿನ ಮುಂದೆ ಎರಡು ಇನಿಷಿಯಲ್, ಪಾಸ್‌ಪೋರ್ಟಿನಲ್ಲಿ ಅವೇ ಬಿಡಿಸಿ ಊರು ಮತ್ತು ಅಪ್ಪನ ಹೆಸರಾಗಿವೆ, ನರ್ಸಿಂಗ್ ಕೌನ್ಸಿಲ್ ನೋಂದಣಿಯಲ್ಲಿ ಒಂದು ಇನಿಷಿಯಲ್ ಬಿಟ್ಟೇಹೋಗಿದೆ. ನಮಗೆ ಇದು ಮಾಮೂಲು. ಹೊರದೇಶದ ಕಚೇರಿಗೆ ಇವರು ಮೂರು ಜನ! ಇನ್ನು ಮುಂದೆ ಎಲ್ಲಾ ಅರ್ಜಿಯಲ್ಲೂ ಪಾಸ್‌ಪೋರ್ಟಿನಲ್ಲಿ ಇರುವ ಹಾಗೇ ಹೆಸರು ಬರೆಯಿರಿ. ಮೂರೂ ಒಬ್ಬರೇ ಅಂತ ನೋಟರಿ ಹತ್ತಿರ ಅಫಿಡವಿಟ್ ಮಾಡಿಸಿಟ್ಟುಕೊಳ್ಳಿ. ಕೌನ್ಸಿಲ್ ನೋಂದಣಿ ತಿದ್ದಿಸಲು ಈಗಲೇ ಅರ್ಜಿ ಕೊಡಿ, ನವೀಕರಣವನ್ನೂ ತಪ್ಪಿಸಬೇಡಿ.

ಜರ್ಮನಿಯ ವಿಷಯ ಸ್ವಲ್ಪ ಸೂಕ್ಷ್ಮ. ನೀವು ಹೊರಟಿದ್ದು ಅವರ ಫೆಡರಲ್ ಸ್ವಯಂಸೇವೆ ಯೋಜನೆಯಲ್ಲಿ, ಬಿಎಫ್‌ಡಿ ಅಂತಾರೆ. 2011ರಲ್ಲಿ ಕಡ್ಡಾಯ ಸೈನ್ಯಸೇವೆ ನಿಲ್ಲಿಸಿದಾಗ ಶುರುವಾದದ್ದು. ವಯಸ್ಸಿನ ಮೇಲ್ಮಿತಿ ಇಲ್ಲ, ಕೈಗೆ ಸಿಗುವುದು ಪಾಕೆಟ್ ಮನಿ ಮಾತ್ರ. ನಿಮ್ಮ ನಿರಾಕರಣೆ ಪತ್ರದಲ್ಲಿ ‘ಪ್ರಯಾಣದ ಉದ್ದೇಶ ಸ್ಪಷ್ಟವಿಲ್ಲ’ ಅಂತಿದೆ. ವೀಸಾ ಅಧಿಕಾರಿಯ ಜಾಗದಲ್ಲಿ ಕೂತು ನೋಡಿ. ಐದು ವರ್ಷ ಅನುಭವದ ನರ್ಸ್, ವೃದ್ಧಾಶ್ರಮದಲ್ಲಿ ಸಹಾಯಕಿಯಾಗಿ ಯಾಕೆ ಬರುತ್ತಾರೆ? ಅಲ್ಲೇ ಉಳಿಯುವ ಯೋಚನೆ ಇರಬಹುದಾ? ಈ ಪ್ರಶ್ನೆ ಏಳುವುದು ಸಹಜ. ನೀವೂ ಒಮ್ಮೆ ಪ್ರಾಮಾಣಿಕವಾಗಿ ಕೇಳಿಕೊಳ್ಳಿ. ಅಲ್ಲಿ ನರ್ಸ್ ಆಗಿಯೇ ನೆಲೆಸುವ ಮನಸ್ಸಿದ್ದರೆ ಡಿಗ್ರಿಗೆ ಮಾನ್ಯತೆ ಪಡೆಯುವ ದಾರಿ ಬೇರೆ ಇದೆ, ವೀಸಾ ಕೂಡ ಬೇರೆ. ಅದರಲ್ಲಿ ನಾಚಿಕೊಳ್ಳುವಂಥದ್ದೇನಿಲ್ಲ. ಇಲ್ಲ, ಒಂದೇ ವರ್ಷ ಅಂತಿದ್ದರೆ ವಾಪಸ್ ಬಂದು ಏನು ಮಾಡುತ್ತೀರಿ, ಆಸ್ಪತ್ರೆ ರಜೆ ಕೊಡುತ್ತದಾ ಅನ್ನುವುದನ್ನು ಪತ್ರದ ಸಮೇತ ತೋರಿಸಿ. ಮೊದಲೆಲ್ಲ ವೀಸಾ ನಿರಾಕರಿಸಿದ ಕಾನ್ಸುಲೇಟಿಗೇ ಪುಕ್ಕಟೆಯಾಗಿ ಮೇಲ್ಮನವಿ ಬರೆಯಬಹುದಿತ್ತು. 2025ರ ಜುಲೈ 1ರಿಂದ ಅದು ನಿಂತಿದೆ. ಈಗ ಬರ್ಲಿನ್‌ನ ನ್ಯಾಯಾಲಯಕ್ಕೆ ಹೋಗಬೇಕು ಇಲ್ಲವೇ ಹೊಸ ಅರ್ಜಿ ಹಾಕಬೇಕು. ನಿಮಗೆ ಹೊಸ ಅರ್ಜಿಯೇ ಸರಿ. ಹಿಂದೆ ನಿರಾಕರಿಸಿದ್ದರೇ ಅಂತ ಕೇಳಿದ ಕಡೆ ಮುಚ್ಚಿಡಬೇಡಿ.

ಅಷ್ಟರಲ್ಲಿ ಸುಮ್ನೆ ಕೂರಬೇಕಿಲ್ಲ. ಯುಎನ್‌ವಿಯಲ್ಲೇ ಮನೆಯಿಂದ ಮಾಡುವ ಆನ್‌ಲೈನ್ ಸ್ವಯಂಸೇವೆ ಇದೆ, ಪ್ರೊಫೈಲಿಗೆ ತೂಕ ಬರುತ್ತೆ. ಬಿಡುವಿದ್ದರೆ ಫ್ರೆಂಚ್ ಕಲಿಯಿರಿ. ಪಶ್ಚಿಮ ಮತ್ತು ಮಧ್ಯ ಆಫ್ರಿಕಾದ ಎಷ್ಟೋ ಹುದ್ದೆಗಳಿಗೆ ಅದಿಲ್ಲದೆ ಅರ್ಜಿಯನ್ನೇ ನೋಡುವುದಿಲ್ಲ. ಬೆಂಗಳೂರಿನ ಅಲಿಯಾನ್ಸ್ ಫ್ರಾಂಸೇಸ್‌ನಲ್ಲಿ ಆನ್‌ಲೈನ್ ಕ್ಲಾಸೂ ಇವೆ. ಯುರೋಪಿಯನ್ ಸಾಲಿಡಾರಿಟಿ ಕೋರ್ ಅನ್ನುವ ಯುರೋಪ್ ಒಕ್ಕೂಟದ ಸ್ವಯಂಸೇವೆ ಯೋಜನೆಗೆ ಹಾಕಿ ಅಂತ ಯಾರಾದರೂ ಹೇಳಿದರೆ ಅದರ ಹಿಂದೆ ಬೀಳಬೇಡಿ, ಅದು ಯುರೋಪ್ ಮತ್ತು ಅದರ ಅಕ್ಕಪಕ್ಕದ ದೇಶದವರಿಗೆ.

ಅಪ್ಪನ ಮಾತಿಗೆ ಬರೋಣ. ಅವರ ತಲೆಯಲ್ಲಿ ಸ್ವಯಂಸೇವೆ ಅಂದರೆ ಕೈಯಿಂದ ಖರ್ಚು ಮಾಡಿಕೊಂಡು ಹೋಗಿ ಕಷ್ಟಪಡುವುದು ಅಂತಿರಬಹುದು. ಯುಎನ್‌ವಿ ಅರ್ಜಿಗೆ ಶುಲ್ಕವಿಲ್ಲ. ಆಯ್ಕೆಯಾದವರಿಗೆ ತಿಂಗಳ ಜೀವನಭತ್ಯೆ, ಆರೋಗ್ಯ ವಿಮೆ, ಹೋಗಿ ಬರುವ ಖರ್ಚು ಎಲ್ಲಾ ಅವರದೇ. ಹುದ್ದೆಯ ವಿವರದಲ್ಲಿ ಇವೆಲ್ಲ ಬರೆದಿರುತ್ತೆ. ಮುಂದಿನ ಅರ್ಜಿ ಕಳಿಸುವ ಮುಂಚೆ ಆ ಪುಟವನ್ನು ಅಪ್ಪನ ಜೊತೆ ಕೂತು ಓದಿ. ಯಾವ ದೇಶಕ್ಕೆ ಹೋಗಬೇಡ ಅಂತಾರೋ ಅದನ್ನೂ ಆಗಲೇ ಕೇಳಿಕೊಂಡುಬಿಡಿ, ಆಯ್ಕೆಯಾದ ಮೇಲೆ ಜಗಳ ಬೇಡ.