ಗೈರುಹಾಜರಾದವರ ಲೆಕ್ಕ

ಶಿವಮೊಗ್ಗದ ಓದುಗರಿಗೆ,

ಕಳೆದ ಸಂಚಿಕೆಯಲ್ಲಿ ಬ್ರಿಟನ್ನಿನ ಟೆನಿಸ್ ಆಟಗಾರ್ತಿ ಕಿಟ್ಟಿ ಮೆಕೇನ್ ಅವರ ಕುರಿತು ಬಂದ ಲೇಖನವನ್ನು ಓದಿ, ಫ್ರಾನ್ಸಿನ ಸುಜಾನ್ ಲೆಂಗ್ಲೆನ್ ಅಡ್ಡಬರದ ಎರಡು ವರ್ಷಗಳಲ್ಲಿ ಅದೃಷ್ಟದಿಂದ ವಿಂಬಲ್ಡನ್ ಗೆದ್ದವರಿಗೆ ಎರಡು ಪುಟ ಏಕೆ ಎಂದು ಕೇಳಿದ್ದೀರಿ. ನಿಮ್ಮ ಪತ್ರದ ಭಾಷೆ ಸೊಗಸಾಗಿದೆ. ತೀರ್ಪು ಮಾತ್ರ ಅವಸರದ್ದು.

ನೀವು ಹೇಳಿದ್ದರಲ್ಲಿ ನಿಜವಿಲ್ಲವೆನ್ನಲಾರೆ. 1923ರ ಫೈನಲ್‌ನಲ್ಲಿ ಲೆಂಗ್ಲೆನ್ ಕಿಟ್ಟಿಯವರನ್ನು 6-2, 6-2ರಿಂದ ಸೋಲಿಸಿದ್ದರು. ಮರುವರ್ಷ ಅವರು ಅನಾರೋಗ್ಯದಿಂದ ಹಿಂದೆ ಸರಿದದ್ದರಿಂದ ಕಿಟ್ಟಿ ಸೆಮಿಫೈನಲ್ ಆಡದೆಯೇ ಫೈನಲ್ ತಲುಪಿದರು. 1926ರಲ್ಲಿ ಲೆಂಗ್ಲೆನ್ ಕೂಟದ ನಡುವೆಯೇ ಹೊರನಡೆದರು.

ಆದರೆ 1924ರ ಫೈನಲ್‌ನಲ್ಲಿ ಬಲೆಯ ಆಚೆ ನಿಂತಿದ್ದವರು ಯಾರು? ಹದಿನೆಂಟರ ಹೆಲೆನ್ ವಿಲ್ಸ್, ಆಗಲೇ ಅಮೆರಿಕದ ಚಾಂಪಿಯನ್. ಮೊದಲ ಸೆಟ್ಟನ್ನು 6-4ರಿಂದ ಗೆದ್ದ ವಿಲ್ಸ್ ಎರಡನೆಯದರಲ್ಲಿ 4-1ರಿಂದ ಮುಂದಿದ್ದರು. ಅಲ್ಲಿಂದ ಕಿಟ್ಟಿ ಒಂದೇ ಸಮನೆ ಐದು ಗೇಮ್‌ಗಳನ್ನು ಗೆದ್ದು ಸೆಟ್ಟನ್ನು ಕಸಿದುಕೊಂಡರು. ಮೂರನೆಯದನ್ನೂ 6-4ರಿಂದ ಮುಗಿಸಿದರು. ವಿಲ್ಸ್ ಆಮೇಲೆ 1927ರಿಂದ 1938ರ ನಡುವೆ ವಿಂಬಲ್ಡನ್ನಿಗೆ ಬಂದಾಗಲೆಲ್ಲ, ಒಟ್ಟು ಎಂಟು ಬಾರಿ, ಪ್ರಶಸ್ತಿಯನ್ನು ಹೊತ್ತೊಯ್ದರು. ಅಲ್ಲಿನ ಸಿಂಗಲ್ಸ್‌ನಲ್ಲಿ ಅವರನ್ನು ಸೋಲಿಸಿದವರು ಕಿಟ್ಟಿ ಒಬ್ಬರೇ. 1926ರ ಫೈನಲ್‌ನಲ್ಲಿ ಸ್ಪೇನಿನ ಲಿಲಿ ದೆ ಆಲ್ವಾರೆಸ್ ಎದುರು ನಿರ್ಣಾಯಕ ಸೆಟ್ಟಿನಲ್ಲಿ 1-3ರಿಂದ ಹಿಂದಿದ್ದಾಗಲೂ ಮತ್ತೆ ಸತತ ಐದು ಗೇಮ್‌ಗಳು! ಅದೃಷ್ಟಕ್ಕೆ ಇಷ್ಟು ಲೆಕ್ಕಾಚಾರ ಗೊತ್ತಿರುತ್ತದೆಯೇ?

ಅದೇ ವರ್ಷ ಪತಿ ಲೆಸ್ಲಿ ಗಾಡ್‌ಫ್ರೀ ಅವರೊಡನೆ ಮಿಶ್ರ ಡಬಲ್ಸ್ ಕೂಡ ಗೆದ್ದರು. ಎರಡು ಒಲಿಂಪಿಕ್ಸ್‌ಗಳಿಂದ ಐದು ಪದಕ ತಂದಿದ್ದರು. 1920ರ ಆಂಟ್‌ವರ್ಪ್‌ನ ಡಬಲ್ಸ್ ಚಿನ್ನವೂ ಅದರಲ್ಲಿತ್ತು. ಇಷ್ಟು ಸಾಲದೆಂಬಂತೆ ಬ್ಯಾಡ್ಮಿಂಟನ್ನಿನ ಆಲ್ ಇಂಗ್ಲೆಂಡ್ ಸಿಂಗಲ್ಸ್ ಪ್ರಶಸ್ತಿ ನಾಲ್ಕು ಸಲ. ಆ ಕೂಟದ ಹೆಸರು ಕೇಳಿದರೆ ಕನ್ನಡಿಗರಾದ ನಾವು ಎದ್ದು ಕೂರುತ್ತೇವೆ. 1980ರಲ್ಲಿ ಇಂಡೋನೇಷ್ಯಾದ ಲಿಯೆಮ್ ಸ್ವೀ ಕಿಂಗ್ ಅವರನ್ನು ಸೋಲಿಸಿ ನಮ್ಮ ಪ್ರಕಾಶ್ ಪಡುಕೋಣೆ ಗೆದ್ದದ್ದು ಅದನ್ನೇ. ಆ ವರ್ಷ ಯಾರ‍್ಯಾರು ಆಡಲಿಲ್ಲವೆಂದು ಹುಡುಕಿ ನಮಗೆ ಪತ್ರ ಬರೆದವರು ಈವರೆಗೆ ಒಬ್ಬರೂ ಇಲ್ಲ.

ನನ್ನ ತಕರಾರು ಇರುವುದು ಇಲ್ಲಿಯೇ. ಹೆಣ್ಣುಮಗಳು ಗೆದ್ದಳೆಂದರೆ ನಾವು ಮೊದಲು ಗೈರುಹಾಜರಾದವರ ಪಟ್ಟಿ ತೆಗೆಯುತ್ತೇವೆ, ಬಳಿಕ ಗಂಡನ ಹೆಸರು ಕೇಳುತ್ತೇವೆ, ಕೊನೆಗೆ ಜಾಗ ಉಳಿದರೆ ಸ್ಕೋರು ಅಚ್ಚು ಹಾಕುತ್ತೇವೆ. ನಮ್ಮ ಪತ್ರಿಕೆಗಳ ಕ್ರೀಡಾಪುಟಗಳನ್ನೇ ನೋಡಿ: ಪುರುಷರ ಕ್ರಿಕೆಟ್ ಅಭ್ಯಾಸದ ಚಿತ್ರಕ್ಕೆ ಮೂರು ಕಾಲಂ, ಮಹಿಳೆಯರ ರಾಷ್ಟ್ರೀಯ ಪ್ರಶಸ್ತಿಗೆ ‘ಸಂಕ್ಷಿಪ್ತ ಸುದ್ದಿ’ಯಲ್ಲಿ ನಾಲ್ಕು ಸಾಲು. ನಿಮ್ಮಂತಹ ಬಹುಶ್ರುತ ಓದುಗರೂ ಅದೇ ಅಳತೆಗೋಲನ್ನು ಹಿಡಿದರೆ ಉಪಸಂಪಾದಕರನ್ನು ದೂರಿ ಏನು ಫಲ?

ಮುಂದಿನ ಸಂಚಿಕೆಯಲ್ಲಿ ಇಂಗ್ಲೆಂಡಿನ ಡಡ್ಲಿ ಊರಿನ ಟೆನಿಸ್ ಆಟಗಾರ್ತಿ ಡೊರೊಥಿ ರೌಂಡ್ ಅವರ ಕುರಿತು ಲೇಖನವಿದೆ. ಭಾನುವಾರ ಆಡುವುದಿಲ್ಲವೆಂದು ಹಟ ಹಿಡಿದಿದ್ದ ಈಕೆ 1934 ಮತ್ತು 1937ರಲ್ಲಿ ವಿಂಬಲ್ಡನ್ ಗೆದ್ದರು. ಆ ಎರಡೂ ವರ್ಷ ಹೆಲೆನ್ ವಿಲ್ಸ್ ಆಡಿರಲಿಲ್ಲ. ನಿಮ್ಮ ಪತ್ರವನ್ನು ಎದುರು ನೋಡುತ್ತಿರುತ್ತೇವೆ.

— ಸಂಪಾದಕ